ಗೌರಿಯ ಬಾಲದ ಕೂದಲು, ಅಂಜಮ್ಮನ ಬಾಯಿ

ಹಿಂದೆ ರಾಜರು ನಿಧಿ ಹೂತಿಟ್ಟು ಸರ್ಪವನ್ನು ಕಾವಲಿಡುತ್ತಿದ್ದರಂತೆ. ಗವಿಪುರಂನ ಅಂಜಮ್ಮನಿಗೆ ಸರ್ಪದ ಹಂಗಿರಲಿಲ್ಲ. ತನ್ನ ಹಸು ತುಂಗೆ ಎಷ್ಟು ಹಾಲು ಕೊಡುತ್ತದೆಂಬ ಗುಟ್ಟನ್ನು ಆಕೆ ಒಬ್ಬಳೇ, ಬರಿಗೈಯಲ್ಲಿ ಕಾಯುತ್ತಿದ್ದಳು. ಹಳೇ ಸೀರೆ ಇಳಿಬಿಟ್ಟು ಅದರ ಹಿಂದೆ ಹಾಲು ಕರೆಯುವುದು, ಬಕೆಟ್ಟಿಗೆ ಸೆರಗು ಮುಚ್ಚಿ ಒಳಗೋಡುವುದು. ಕೇಳಿದವರಿಗೆಲ್ಲ ಒಂದೇ ಉತ್ತರ: ‘ಏನೋ, ಕಾಫಿಗಾಗತ್ತೆ.’ ಹೇಳಿದರೆ ದೃಷ್ಟಿ ತಾಗಿ ಕೆಚ್ಚಲು ಬತ್ತೀತೆಂಬ ಭಯ. ಮಗನಿಗೂ ಹೇಳಿದವಳಲ್ಲ. ದನದ ಆಸ್ಪತ್ರೆಯಿಂದ ಹಾಲು ಅಳೆದು ಬರೆದುಕೊಳ್ಳಲು ಬಂದವರನ್ನು, ಹಸು ಒದೆಯುತ್ತದೆಂದು ದೂರ ನಿಲ್ಲಿಸಿ, ದಿನಕ್ಕೆ ಆರು ಲೀಟರ್ ಎಂದು ಬರೆಸಿ ಕಳಿಸಿದ್ದಳು.

ಈಗ ತುಂಗೆಯ ಕರು ಗೌರಿಗೆ ಕುತ್ತು ಬಂದಿತ್ತು. ಕೊಟ್ಟಿಗೆಯಲ್ಲಿ ಜಾಗವಿಲ್ಲ, ಒಳ್ಳೇ ತಳಿಯಾದರೆ ಇಟ್ಟುಕೊಳ್ಳೋಣ, ಇಲ್ಲದಿದ್ದರೆ ಮಾರಿಬಿಡೋಣ ಎಂದು ಮಗ ಶ್ರೀಧರ್ ದನದ ಡಾಕ್ಟರು ಶಿವರಂಜಿನಿಯನ್ನು ಕರೆತಂದ. ಅವರು ಗೌರಿಯ ಬಾಲದಿಂದ ಒಂದಷ್ಟು ಕೂದಲನ್ನು ಬುಡಸಮೇತ ಕಿತ್ತು ಲಕೋಟೆಗೆ ಹಾಕಿದರು. ಆ ಬುಡದಲ್ಲಿ ವಂಶದ ಗುರುತುಗಳಿರುತ್ತವೆ. ಹಾಲು ಅಳೆದಿಟ್ಟಿರುವ ಸಾವಿರಾರು ಹಸುಗಳ ಗುರುತುಗಳ ಜೊತೆ ಹೋಲಿಸಿದರೆ, ಕರು ಮುಂದೆ ಎಂಥ ಹಸುವಾದೀತು, ಎಂಥ ಕರು ಹಾಕೀತು ಎಂದು ಅಂದಾಜು ಮಾಡಬಹುದು ಎಂದರು. ತಾಯಿಯ ಹಾಲಿನ ಲೆಕ್ಕವೂ ಅದರಲ್ಲಿ ಸೇರುತ್ತದಂತೆ.

ಅಂಜಮ್ಮನಿಗೆ ತಾನು ಬರೆಸಿದ ಆರು ಲೀಟರು ನೆನಪಾಯಿತು. ತನ್ನ ಬಾಯೇ ಗೌರಿಯ ಕೊರಳಿಗೆ ಹಗ್ಗ ಬಿಗಿದು ಸಂತೆಗೆ ಎಳೆಯುತ್ತಿದೆ. ನಿಜ ಹೇಳಿದರೆ ತುಂಗೆಯ ಕೆಚ್ಚಲು ಹೋಯಿತು, ಹೇಳದಿದ್ದರೆ ಗೌರಿ ಹೋದಳು. ಗವಿ ಗಂಗಾಧರೇಶ್ವರನ ಮುಂದೆ ನಿಂತಾಗಲೂ ಲೀಟರು ಬಾಯಿಗೆ ಬರಲಿಲ್ಲ. ಪೂಜಾರಿ ಪಕ್ಕದಲ್ಲೇ ಇದ್ದರು. ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಸಾಕು, ಡಾಕ್ಟರೇ ಬಂದರೆಂದು ಕಿಟಕಿಗೆ ಓಡುತ್ತಿದ್ದಳು.

ಕೊನೆಗೆ ಬಂದೇಬಿಟ್ಟರು. ಬೀದಿಗೆ ಬೀದಿಯೇ ಗೇಟಿಗೆ ಜೋತುಬಿತ್ತು. ಎದುರುಮನೆ ಗೋದಾ ಎಲ್ಲರಿಗಿಂತ ಮುಂದೆ.

‘ಕೂದಲು ನೋಡಿದ್ರೆ ಕರು ತುಂಬಾ ಚೆನ್ನಾಗಿದೆ ಅಮ್ಮ,’ ಎಂದರು ಡಾಕ್ಟರು. ‘ತಾಯಿ ಲೆಕ್ಕ ಕೆಳಗೆ ಎಳೀತಿದೆ. ಹೀಗೇ ಬಿಟ್ರೆ ಸಾಧಾರಣ ಕರು ಅಂತ್ಲೇ ಬರತ್ತೆ. ತುಂಗೆ ನಿಜವಾಗ್ಲೂ ಎಷ್ಟು ಕೊಡತ್ತೆ?’

ಶ್ರೀಧರ್ ಅಮ್ಮನ ಮುಖ ನೋಡಿದ. ಗೋದಾ ಉಸಿರು ಬಿಗಿಹಿಡಿದಳು. ಗೌರಿ ಅಂಜಮ್ಮನ ಸೆರಗನ್ನು ಜಗಿಯುತ್ತ ನಿಂತಿತ್ತು. ಇಷ್ಟು ವರ್ಷ ಕಾದ ನಿಧಿ ಬಾಯಿ ತೆರೆಯುವ ಗಳಿಗೆ. ಒಂದು ಸಿಡಿಲಾದರೂ ಬೀಳಬೇಕಿತ್ತು.

‘ಹದಿನಾಲ್ಕು ಲೀಟ್ರು ಕಣಮ್ಮ,’ ಎಂದಳು ಅಂಜಮ್ಮ. ‘ಕರು ಇಲ್ಲೇ ಇರ್ಲಿ.’