ಅಂಚಿಗೆ ಕೂತವನು

ಅವನ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ನಡೆಯುವಾಗ ಎಡಗೈಯಲ್ಲಿ ತುಂಬಿದ ಕೊಡ ಹಿಡಿದಿದ್ದಾನೇನೋ ಅನ್ನಿಸುತ್ತಿತ್ತು. ನೋಡಿದರೆ ಕೈ ಖಾಲಿ. ಯಾವ ಅಂಗಿ ಹಾಕಿದರೂ ಕಾಲರಿನ ಒಂದು ಕಡೆ ಎದ್ದು ನಿಲ್ಲುತ್ತಿತ್ತು. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ದಿನ ಫೋಟೋಗ್ರಾಫರ್ ಮೂರು ಸಲ "ಏ, ನೆಟ್ಟಗೆ ನಿಂತ್ಕಳಪ್ಪಾ" ಅಂದರು. ಮೂರನೇ ಸಲಕ್ಕೆ ಅವನು, "ನಾನ್ ನೆಟ್ಟಗೇ ಇದೀನಿ ಸಾರ್, ನಿಮ್ ಕ್ಯಾಮೆರಾನೇ ಒಂಚೂರು ವಾಲಿಸ್ಕಳ್ರಿ" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ಕಾಂಪೌಂಡ್ ಮೇಲೆ ಕೂತು ನೋಡುತ್ತಿದ್ದವನು ಅಲ್ಲಿಂದಲೇ ನಕ್ಕೆ.

ಭುಜ ವಾಲಿದ್ದು ಮಗ್ಗದಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆಯಲ್ಲಿ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡೂ ಬೆರೆಯಬಾರದು, ಆದರೆ ಒಂದನ್ನೊಂದು ಬಿಡಲೂಬಾರದು. ಅದಕ್ಕೆ ಮೂರು ಲಾಳಿ ಬೇಕು, ಒಡಲಿಗೊಂದು, ಎರಡು ಅಂಚಿಗೆ ಎರಡು. ಒಬ್ಬರಿಂದ ಆಗುವ ಕೆಲಸವಲ್ಲ. ನೇಯುವವರು ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ. ಅವರ ಬಲಕ್ಕೆ ಇನ್ನೊಬ್ಬರು ಎಡ ಭುಜ ಬಗ್ಗಿಸಿ ಓರೆಯಾಗಿ ಕೂತು ಪ್ರತಿ ಎಳೆಗೂ ಆ ಕಡೆಯ ಅಂಚಿನ ಲಾಳಿ ದಾಟಿಸಬೇಕು. ಒಡಲಿನ ನೂಲು ಬಂದು ತಿರುಗುವ ಜಾಗದಲ್ಲಿ ಅಂಚಿನ ನೂಲು ಅದನ್ನು ಕೊಕ್ಕೆಯ ಹಾಗೆ ಹಿಡಿದುಕೊಳ್ಳಬೇಕು. ನಮ್ಮ ಕೇರಿಯಲ್ಲಿ ಅದನ್ನು 'ಅಂಚಿಗೆ ಕೂರೋದು' ಅನ್ನುತ್ತಿದ್ದೆವು. ಅವನು ಒಂಬತ್ತನೇ ವಯಸ್ಸಿನಿಂದ ಅವರಪ್ಪನ ಪಕ್ಕ ಅಂಚಿಗೆ ಕೂತಿದ್ದ. ಬೆಳಿಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಇಡೀ ದಿನ. ಅವನು ಎದ್ದರೆ ಮಗ್ಗ ನಿಲ್ಲುತ್ತಿತ್ತು.

ನಮ್ಮಿಬ್ಬರದೂ ಗೋಡೆಗೆ ಗೋಡೆ ಅಂಟಿದ ಒಂದೇ ಕೇರಿ. ಪಕ್ಕದ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಕೆಮ್ಮು. ಬೆಳಗಿನಿಂದ ಸಂಜೆವರೆಗೆ ಹತ್ತು ಮನೆಯ ಮಗ್ಗಗಳ ಸದ್ದು. ನನ್ನಪ್ಪ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಅವ್ವ ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿಗೆ ಕಂಡಿಕೆ ಅನ್ನುತ್ತಾರೆ. ಆ ನೂಲು ಬರುತ್ತಿದ್ದದ್ದು ಅವನ ಮನೆಯಿಂದ. ಅವರಪ್ಪ ಕೊಟ್ಟರೆ ನಮ್ಮ ರಾಟೆ ತಿರುಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಮನೆಯ ಹೆಂಗಸು ಒಮ್ಮೆ ಸಿಕ್ಕು ಬಿದ್ದ ಕಂಡಿಕೆ ಕೊಟ್ಟಳು ಅಂತ ಅವರು ಮತ್ತೆ ಆ ಮನೆಗೆ ನೂಲನ್ನೇ ಕೊಡಲಿಲ್ಲ. ಕೆಟ್ಟವರಲ್ಲ. ಮಾತು ಕಡಿಮೆ, ತಪ್ಪನ್ನು ಮರೆಯುತ್ತಿರಲಿಲ್ಲ, ಅಷ್ಟೇ.

ಅವನಿಗೆ ಕರೆಂಟಿನ ಹುಚ್ಚು. ಸುಟ್ಟುಹೋದ ಟೇಬಲ್ ಫ್ಯಾನಿನ ಮೋಟಾರು ಬಿಚ್ಚಿ ನಮ್ಮವ್ವನ ರಾಟೆಗೆ ಕಟ್ಟಿದ್ದ. ಮೊದಲ ದಿನ ಅದು ತಿರುಗಿದ ರಭಸಕ್ಕೆ ಕಂಡಿಕೆ ಹಾರಿ ಮೊಸರಿನ ಪಾತ್ರೆಗೆ ಬಿತ್ತು. ಅವ್ವ ಪೊರಕೆ ತಗೊಂಡಳು. ಎರಡನೇ ದಿನ ಸರಿ ಮಾಡಿದ. "ವೈರ್ ಅಂದ್ರೂ ನೂಲೇ ಕಣಲೇ. ಒಳಗ್ ಕರೆಂಟ್ ಹೋಗ್ತೈತೆ, ಅಷ್ಟೇ ವ್ಯತ್ಯಾಸ" ಅನ್ನುತ್ತಿದ್ದ. ಚಳ್ಳಕೆರೆಗೆ ಹೋಗಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮಾಡಬೇಕು, ಆಮೇಲೆ ಕೇರಿಗೆಲ್ಲ ತಾನೇ ವೈರಿಂಗ್ ಮಾಡಬೇಕು. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಬೇಕು. ಅವನ ಇಡೀ ಯೋಜನೆ ಇಷ್ಟೇ ಇತ್ತು. ದೊಡ್ಡದೇನಲ್ಲ.

ಒಂದು ಭಾನುವಾರ ಯಾರದೋ ಸೈಕಲ್ಲಿನಲ್ಲಿ ಡಬಲ್ ರೈಡ್ ಹೊಡೆದು ಬ್ರಹ್ಮಗಿರಿಗೆ ಹೋಗಿದ್ದೆವು. ಹಳೆಯ ಕಲ್ಲು, ಹಳೆಯ ಅಕ್ಷರ ಅಂದರೆ ನನಗೆ ಆಗಲೇ ಪ್ರಾಣ. ಬಂಡೆಯ ಮೇಲಿನ ಅಕ್ಷರ ತೋರಿಸಿ, ಇದು ಅಶೋಕ ಕೊರೆಸಿದ್ದು, ಎರಡು ಸಾವಿರ ವರ್ಷದ ಮೇಲಾಯಿತು ಅಂತ ಒಂದೇ ಉಸಿರಿಗೆ ಹೇಳಿದೆ. ಅವನು ಬಗ್ಗಿ ನೋಡಿ, "ಅಷ್ಟ್ ದೊಡ್ಡ್ ರಾಜಂಗೆ ಒಂದ್ ನೋಟ್‌ಬುಕ್ ಸಿಗ್ಲಿಲ್ವೇನೋ ಪಾಪ" ಅಂದ. ಆಮೇಲೆ ಇನ್ನೂ ಹತ್ತಿರ ಬಗ್ಗಿ, "ಕೊರೆದೋನು ಒಂದ್ ಅಕ್ಷರ ತಪ್ಪು ಮಾಡಿದ್ರೆ ಏನ್ ಮಾಡ್ತಿದ್ದ? ನಮ್ ತರ ಬಿಚ್ಚಕ್ ಬರಲ್ವಲ್ಲ" ಅಂದ. ಇನ್ನೊಬ್ಬರ ಕೆಲಸ ನೋಡಿದರೆ ಅವನಿಗೆ ಮೊದಲು ಹೊಳೆಯುತ್ತಿದ್ದದ್ದು ಅದರ ಕಷ್ಟ.

ಪರೀಕ್ಷೆ ಬಂತು. ಅದೇ ಸಮಯಕ್ಕೆ ಮಗ್ಗದ ಮೇಲೆ ಮದುವೆ ಸೀರೆ. ಕಡುಗೆಂಪು ಒಡಲು, ಹಸಿರು ಅಂಚು. ಶುಕ್ರವಾರ ಹೆಣ್ಣಿನ ಕಡೆಯವರು ಬಂದು ತಗೊಂಡು ಹೋಗಬೇಕು. ಪರೀಕ್ಷೆಯ ದಿನಗಳಲ್ಲಿ ಬೆಳಗಿನ ಹೊತ್ತು ಅಂಚಿಗೆ ಯಾರು ಕೂರುವುದು ಅಂತ ಅವರಪ್ಪ ಕೇಳಿದರು. ಅವನು ನನ್ನನ್ನು ಮುಂದೆ ತಳ್ಳಿದ.

"ಇವ್ನು ಕೂರ್ತಾನೆ ಅಪ್ಪಾ. ಬ್ಯಾಸ್ಗೆ ರಜಾದಾಗೆ ಕಲ್ಸಿದೀನಿ."

ಅವರಪ್ಪ ನನ್ನ ಬೆರಳು ಹಿಡಿದು ನೋಡಿದರು, ಕುರಿ ಸಂತೆಯಲ್ಲಿ ಹಲ್ಲು ನೋಡುವ ಹಾಗೆ. "ಕೂತ್ಕಳಪ್ಪಾ. ಅವಸ್ರ ಬ್ಯಾಡ" ಅಂದರು.

ನಾಲ್ಕು ಪೇಪರ್ ಮುಗಿದವು. ಗಣಿತದ ದಿನ ಅವನು ಪರೀಕ್ಷೆಯಿಂದ ಓಡಿಕೊಂಡೇ ಬಂದ. ಚೆನ್ನಾಗಿ ಬರೆದಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಎಬ್ಬಿಸಿ, ನಾನು ಕೂತು ಬಿಸಿಯಾಗಿದ್ದ ಜಾಗದಲ್ಲೇ ಕೂತು, ಲಾಳಿ ತಗೊಂಡ. ಇನ್ನು ವಿಜ್ಞಾನ, ಹಿಂದಿ ಎರಡೇ ಉಳಿದಿದ್ದವು. ವಿಜ್ಞಾನ ಅವನದೇ ವಿಷಯ.

ವಿಜ್ಞಾನದ ಹಿಂದಿನ ಸಂಜೆ ಅವರಪ್ಪ ನೇಯ್ದ ಬಟ್ಟೆಯನ್ನು ಸಡಿಲ ಮಾಡಿ ಅಂಚಿನ ಉದ್ದಕ್ಕೂ ಬೆರಳಾಡಿಸುತ್ತ ಹೋದರು. ಎರಡು ಮೂರು ದಿನಕ್ಕೊಮ್ಮೆ ಹಾಗೆ ನೋಡುವುದು ಅವರ ರೂಢಿ. ಮಧ್ಯದಲ್ಲಿ ಒಂದು ಕಡೆ ಬೆರಳು ಬಟ್ಟೆಯ ಆಚೆಗೆ ಹೋಯಿತು. ಕೆಂಪಿಗೂ ಹಸಿರಿಗೂ ನಡುವೆ ಒಂದು ಗೇಣು ಉದ್ದಕ್ಕೆ ನೂಲು ಕೊಕ್ಕೆ ಹಾಕಿಕೊಂಡೇ ಇರಲಿಲ್ಲ. ಎಳೆದು ಬಿಗಿದಿದ್ದಾಗ ಕಾಣುತ್ತಿರಲಿಲ್ಲ, ಸಡಿಲವಾದ ತಕ್ಷಣ ಬಾಯಿ ತೆರೆಯಿತು.

ಅದು ನನ್ನ ಕೈಯದು. ನೋಡಿದ ಕೂಡಲೇ ಗೊತ್ತಾಯಿತು. ಗಣಿತದ ದಿನ ಬೆಳಿಗ್ಗೆ, ಅವನು ಹೇಗೆ ಬರೆಯುತ್ತಿದ್ದಾನೋ ಅಂತ ಯೋಚಿಸುತ್ತ, ಒಡಲಿನ ನೂಲಿನ ಮೇಲಿಂದ ಹೋಗಬೇಕಾದ ಲಾಳಿಯನ್ನು ಕೆಳಗಿಂದ ದಾಟಿಸಿದ್ದೆ. ಒಂದು ಸಲ ತಪ್ಪಿದ ಕೈ ಅದನ್ನೇ ಸರಿ ಅಂದುಕೊಂಡು ಹೋಗಿತ್ತು.

"ಯಾರ್ದಿದು?" ಅಂದರು ಅವರಪ್ಪ.

ನಮ್ಮವ್ವ ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ನಂದೇ ಅಪ್ಪಾ. ಗಣಿತ ಬರ್ದು ಬಂದ್ ಸಂಜೆ ನೇಯ್ದಿದ್ದು" ಅಂದ.

ಅವರಪ್ಪ ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸಿಟ್ಟು ಬಂದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ಚಾಲುರಾ" ಅಂದರು. "ಸಾಕು. ಕೈ ಇಲ್ಲೈತೆ, ತಲೆ ಪುಸ್ತಕದಾಗೈತೆ. ನಾಳೆ ಎಲ್ಲಿಗೂ ಹೋಗ್ಬ್ಯಾಡ. ಕೂತು ಬಿಚ್ಚು."

"ಅಪ್ಪಾ, ಮೂರ್ ತಾಸು ಅಷ್ಟೇ. ಬಂದ್ ಬಿಚ್ತೀನಿ."

"ಶುಕ್ರವಾರ ಸೀರೆ ಹೋಗ್ಬೇಕು. ತಪ್ ಮಾಡಿದೋನೇ ಬಿಚ್ಬೇಕು."

ಅದು ಮಗ್ಗದ ಮನೆಗಳ ಕಟ್ಟಳೆ. ಯಾರ ಕೈ ತಪ್ಪಿತೋ ಅವರ ಕೈಯೇ ಬಿಚ್ಚಬೇಕು. ನಾನು ನನ್ನದು ಅಂದಿದ್ದರೆ ಮರುದಿನ ಅಲ್ಲಿ ಕೂತು ಬಿಚ್ಚಬೇಕಾಗಿದ್ದವನು ನಾನು. ಅವನು ಪರೀಕ್ಷೆಗೆ ಹೋಗುತ್ತಿದ್ದ. ಲೆಕ್ಕ ಅಷ್ಟು ಸರಳವಾಗಿತ್ತು. ನಾನು ಅವ್ವನ ಬುಟ್ಟಿ ನೋಡಿದೆ. ಬಾಯಿ ಮುಚ್ಚಿಕೊಂಡೆ.

ನಲ್ಲಿಯ ಹತ್ತಿರ ಅವನನ್ನು ಹಿಡಿದು, "ಯಾಕಲೇ ಹಂಗಂದೆ? ಈಗ್ಲೂ ಹೇಳ್ತೀನಿ ತಡಿ" ಅಂದೆ.

"ಹೇಳಿ ಏನ್ ಮಾಡ್ತೀಯ? ನಾಡಿದ್ದಿಂದ ನಿಮ್ಮವ್ವ ರಾಟೆ ಮುಂದೆ ಸುಮ್ನೆ ಕೂರ್ತಾಳೆ. ಬಿಡಲೇ. ಜೂನ್‌ನಾಗೆ ಬರೀತೀನಿ" ಅಂದ. ಮುಖಕ್ಕೆ ನೀರು ಹಾಕಿಕೊಂಡ. ತುಂಬ ಹೊತ್ತು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಅವನ ಪಕ್ಕ ಹೋಗಿ ಕೂತೆ. ಹೊಸ ತುದಿಯಿಂದ ಹಿಂದಕ್ಕೆ, ಒಂದೊಂದೇ ಎಳೆ ಸೂಜಿಯಿಂದ ಎತ್ತಿ ಎಳೆಯಬೇಕು. ಅವಸರ ಮಾಡಿದರೆ ರೇಷ್ಮೆ ನುಲಿದುಕೊಳ್ಳುತ್ತದೆ. ಅವರಪ್ಪ ಎದುರಿಗೆ ಕೂತು ಬಿಚ್ಚಿದ ನೂಲನ್ನು ಸುತ್ತಿಕೊಳ್ಳುತ್ತಿದ್ದರು. ಹತ್ತೂವರೆಗೆ ಶಾಲೆಯ ಬೆಲ್ ಕೇಳಿಸಿತು. ಅವನ ಕೈ ನಿಂತಿತು. ಆಮೇಲೆ ಮತ್ತೆ ಸೂಜಿ ಹಾಕಿ, ತಲೆ ಎತ್ತದೆ ಹೇಳಿದ:

"ಪ್ರಶ್ನೆ ಕೇಳು ಕಣಲೇ."

"ಏನು?"

"ಅಲ್ಲೈತಲ್ಲ ಪುಸ್ತಕ. ಒಂದೊಂದೇ ಕೇಳು. ಬರೆಯೋಕಿಲ್ಲ, ಹೇಳ್ಬೋದಲ್ಲ."

ಓಮನ ನಿಯಮ ತಿಳಿಸಿ ಅಂದೆ. ತಿಳಿಸಿದ. ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂದೆ. "ಚಿತ್ರಕ್ಕೆ ಕೈ ಬಿಡುವಿಲ್ಲ ಸಾರ್, ಭಾಗ ಬೇಕಾದ್ರೆ ಹೇಳ್ತೀನಿ" ಅಂದು ಎಲ್ಲ ಭಾಗಗಳನ್ನೂ ಹೇಳಿದ. ಎರಡಕ್ಕೆ ಗೊತ್ತಿಲ್ಲ ಅಂದ, ಒಂದಕ್ಕೆ ತಪ್ಪು ಹೇಳಿದ. ಬೆಲ್ ಮತ್ತೆ ಹೊಡೆಯುವವರೆಗೂ ಕೇಳುತ್ತಲೇ ಇದ್ದೆ. ಅವರಪ್ಪ ಬೇಡ ಅನ್ನಲಿಲ್ಲ, ನೂಲು ಸುತ್ತುತ್ತಲೇ ಇದ್ದರು.

"ಎಷ್ಟ್ ಬಂತು?" ಅಂದ.

"ಪಾಸು ಕಣೋ. ಫಸ್ಟ್ ಕ್ಲಾಸ್."

"ಸರಿ ಬಿಡು" ಅಂದ.

ಜೂನಿಗೆ ಮಗ್ಗಕ್ಕೆ ಬೇರೆ ಸೀರೆಯ ಹಾಸು ಏರಿತ್ತು. ನನ್ನನ್ನು ಮತ್ತೆ ಅಂಚಿಗೆ ಕೂರು ಅಂತ ಯಾರೂ ಕರೆಯಲಿಲ್ಲ. ಅವನೂ ಪರೀಕ್ಷೆಯ ಮಾತೆತ್ತಲಿಲ್ಲ. ಎರಡು ವರ್ಷ ಹಾಗೇ ನೇಯ್ದ. ಆಮೇಲೆ ಅವರಪ್ಪನ ಕಣ್ಣು ಮಂಜಾಯಿತು, ಮಿಲ್ಲಿನ ಸೀರೆಗಳು ನಮ್ಮದೇ ಬಣ್ಣ ಹೊತ್ತು ಅಂಗಡಿಗೆ ಬಂದವು. ಕೇರಿಯಲ್ಲಿ ಒಂದೊಂದೇ ಮಗ್ಗ ನಿಂತಿತು. ಅವನು ಚಳ್ಳಕೆರೆಗೆ ಬಂದ, ಐಟಿಐಗಲ್ಲ, ಎಣ್ಣೆ ಮಿಲ್ಲಿಗೆ. ಶೇಂಗಾ ಹಿಂಡಿಯ ಚೀಲ ಹೊರುವುದಕ್ಕೆ.

ನಾನು ಅಷ್ಟರಲ್ಲಿ ಚಳ್ಳಕೆರೆಯಲ್ಲೇ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದೆ, ವಿಡಿಯೋ ನೋಡಿ ನೋಡಿ ಕಲಿತಿದ್ದೆ. ಭಾನುವಾರ ಅವನು ಬಂದು ಕೂರುತ್ತಿದ್ದ. ಮೈಯೆಲ್ಲ ಎಣ್ಣೆಯ ವಾಸನೆ. ಬೋರ್ಡಿನ ಮೇಲಿನ ಸಣ್ಣ ಸಣ್ಣ ಗೆರೆಗಳನ್ನು ನೋಡುತ್ತಿದ್ದ, ಇದೆಲ್ಲಿಗೆ ಹೋಗ್ತೈತೆ ಅಂತ ಕೇಳುತ್ತಿದ್ದ.

"ಕಲೀ ಬಾರೋ, ನಾನ್ ಹೇಳ್ಕೊಡ್ತೀನಿ" ಅಂದೆ ಒಂದು ದಿನ.

ಅಂಗೈ ತೋರಿಸಿದ. ಚೀಲ ಹೊತ್ತು ಬೆರಳೆಲ್ಲ ಒರಟಾಗಿ ಸಿಪ್ಪೆ ಎದ್ದಿದ್ದವು. "ಊರಿಗೋದಾಗ ರೇಷ್ಮೆ ಮುಟ್ಟಿದ್ರೆ ಕೈಗೇ ಸಿಕ್ಕಾಕ್ಕಂತೈತೆ. ಅಪ್ಪ ಮುಟ್ಬ್ಯಾಡ ಅಂತಾನೆ. ಇನ್ನು ಈ ಸಣ್ ಕೆಲ್ಸ ಎಲ್ಲಿ ಬರ್ತೈತೆ" ಅಂದ. ತಮಾಷೆ ಮಾಡುತ್ತಾನೇನೋ ಅಂತ ಕಾದೆ. ಮಾಡಲಿಲ್ಲ. ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಬರೆಯುತ್ತೇನೆಂದು ಎರಡು ಸಲ ಫಾರಂ ತುಂಬಿದ. ಎರಡು ಸಲವೂ ಪರೀಕ್ಷೆಯ ದಿನ ಚೀಲ ಹೊರುತ್ತಿದ್ದ. ಆ ಸೀರೆಯ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತದೇ ಇದ್ದರೆ ಮುಗಿದುಹೋಗುತ್ತದೆ ಅಂದುಕೊಂಡಿದ್ದೆ.

ಹೋದ ವರ್ಷ ಒಂದು ಸಂಜೆ ಬೈಕಿನಲ್ಲಿ ಊರಿಗೆ ಹೊರಟಿದ್ದ. ತಳಕು ದಾಟಿದ ಮೇಲೆ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ನಿಂತಿತ್ತು. ಇಪ್ಪತ್ತೊಂದು ವರ್ಷ ಅವನಿಗೆ.

ಅವನ ಒಡೆದ ಫೋನನ್ನು ಅವರಮ್ಮ ನನ್ನ ಹತ್ತಿರ ಕಳಿಸಿದ್ದರು, ಒಳಗಿನ ಫೋಟೋ ಬೇಕು ಅಂತ. ಹೊಸ ಡಿಸ್‌ಪ್ಲೇ ಹಾಕಿ, ಫೋಟೋ ಎಲ್ಲ ತೆಗೆದು, ಕೊಡಲು ಹೋದೆ. ಮಗ್ಗ ಇರಲಿಲ್ಲ. ಗುಂಡಿ ಮುಚ್ಚಿ ಸಿಮೆಂಟ್ ಹಾಕಿದ್ದರು. ಅವರಪ್ಪ ಅದರ ಪಕ್ಕ ಗೋಡೆಗೊರಗಿ ಕೂತಿದ್ದರು. ಫೋನನ್ನು ಅವರ ಕೈಗೆ ಕೊಟ್ಟು, ಇನ್ನು ಇಟ್ಟುಕೊಳ್ಳಲಾಗದೆ ಹೇಳಿಬಿಟ್ಟೆ.

"ಮಾವ, ಆ ಮದ್ವೆ ಸೀರೆ ಅಂಚು ತಪ್ಪಿತ್ತಲ್ಲ, ಅವನ ಪರೀಕ್ಷೆ ಟೈಮಲ್ಲಿ. ಅದು ಅವನ್ದಲ್ಲ. ನಂದು."

ಅವರು ಫೋನನ್ನು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

"ಗೊತ್ತು ಕಣಪ್ಪಾ."

"ಅವ್ನು ಹೇಳಿದ್ನಾ?"

"ಅವ್ನ್ಯಾಕ್ ಹೇಳ್ತಾನೆ. ಏಳ್ ವರ್ಷ ಪಕ್ಕದಾಗೆ ಕೂತೋನ ಕೈ ನಂಗೆ ಗೊತ್ತಾಗಲ್ವಾ? ಬೆರಳು ಆಚೆಗೋದಾಗ್ಲೇ ಗೊತ್ತಾತು, ಇದು ನನ್ ಮಗಂದಲ್ಲ ಅಂತ."

ಅವರೇ ಮುಂದುವರಿಸಿದರು.

"ಅವ್ನು ಪಾಸಾಗಿ ಹೋದ್ರೆ ಅಂಚಿಗೆ ಯಾರ್ ಕೂರ್ತಾರೆ ಅನ್ನೋದೇ ನನ್ ತಲ್ಯಾಗಿತ್ತು. ಅವ್ನೇ ನಂದು ಅಂದ. ನಾನು ಹೂಂ ಅಂದೆ. ಆದ್ರೂ ಬೆಳಿಗ್ಗೆ ನೀನ್ ಬಂದು ಪಕ್ಕದಾಗ್ ಕೂತ್ಯಲ್ಲ, ಆಗ ಹೇಳ್ತೀಯ ಅಂದ್ಕಂಡೆ. ಹೇಳಿದ್ರೆ ಕಳಿಸ್ಬೇಕು ಅಂತಿದ್ದೆ. ಬೆಲ್ ಹೊಡೀತು. ಆಮೇಲೂ ಅರ್ಧ ತಾಸು ತಡವಾದ್ರೂ ಒಳಗೆ ಬಿಡ್ತಾರಂತೆ ಅಂತ ಕಾದೆ. ನೀನು ಪ್ರಶ್ನೆ ಕೇಳ್ತಾ ಕೂತೆ."

ಒಳಗಿನಿಂದ ಅವರಮ್ಮ ಟೀ ತಂದಿಟ್ಟರು. ಫೋನಿನಲ್ಲಿ ಫೋಟೋ ಹೇಗೆ ನೋಡುವುದು ಅಂತ ಅವರಪ್ಪ ಕೇಳಿದರು. ಅವರ ಬೆರಳು ಹಿಡಿದು, ಪರದೆಯ ಮೇಲೆ ಹೀಗೆ ಸರಿಸಬೇಕು ಅಂತ ತೋರಿಸಿಕೊಟ್ಟೆ. ಮೊದಲನೇ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ಅವರು ಮಗನ ಮುಖ ನೋಡುತ್ತ ಕೂತರು. ನಾನು ಅವನಿಗಾಗಿ ಆಡಬೇಕಾಗಿದ್ದದ್ದು ಒಂದೇ ಒಂದು ಮಾತು, ಅದೂ ಅರ್ಧ ತಾಸಿನೊಳಗೆ.