ಶ್ರಾವಣ ಸೋಮವಾರ ಮತ್ತು ಎಂಬತ್ತೊಂದು ಕಿಲೊ

ಬೆಳಿಗ್ಗೆಯಿಂದ ಮನೆ ತುಂಬ ರೊಟ್ಟಿ ಸುಡುವ ವಾಸನೆ. ಅದರಲ್ಲೇನು ವಿಶೇಷ ಅನ್ನುತ್ತೀರಿ, ಯಾದಗಿರಿಯ ಯಾವ ಮನೆಯಲ್ಲಿ ರೊಟ್ಟಿ ಸುಡುವುದಿಲ್ಲ? ಆದರೆ ಇವತ್ತು ಶ್ರಾವಣ ಸೋಮವಾರ. ಈ ದಿನ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹೆಂಚು ಏರಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಈ ವಾಸನೆಗೆ ಹಸಿವಾಗಬೇಕು. ನನಗೆ ಆಗುತ್ತಿಲ್ಲ. ನಾಳೆ ನೀಲವ್ವನ ಪಂದ್ಯ.

ನೀಲವ್ವ ನನ್ನ ಅಣ್ಣನ ಮಗಳು, ದೋರನಹಳ್ಳಿಯವಳು. ಕಾಲೇಜು ಓದಲೆಂದು ನಮ್ಮ ಮನೆಗೆ ಬಂದವಳು ಬಾಕ್ಸಿಂಗ್ ಹಿಡಿದಳು.

"ಮಾರಿಗೆ ಹೊಡಿಸ್ಕೊಂಡು ಬರಾಕ ಕಾಲೇಜಿಗಿ ಹಾಕೀವೇನವ್ವಾ?" ಎಂದು ರೇಗಿದ್ದೆ.

"ಹೊಡಿಸ್ಕೊಳ್ಳಾಕ ಅಲ್ಲ ಕಾಕಾ, ಹೊಡಿಯಾಕ ಹೊಂಟೀನಿ," ಎಂದಳು.

ಅವಳದು ಹೆವಿವೇಟ್. ಎಂಬತ್ತೊಂದು ಕಿಲೊ ದಾಟಿದವರಿಗೆ ಮಾತ್ರ. ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಅಷ್ಟು ತೂಗುವ ಹುಡುಗಿಯರು ಇಬ್ಬರೇ, ಇವಳು ಮತ್ತು ಬೀದರದವಳೊಬ್ಬಳು. ಹಾಗಾಗಿ ಸೆಮಿಫೈನಲ್ ಗಿಮಿಫೈನಲ್ ಏನಿಲ್ಲ, ನೇರ ಫೈನಲ್. ಎರಡು ವರ್ಷದ ಹಿಂದೆ ಇವಳು ಅವಳೆದುರು ಕೂದಲೆಳೆ ಅಂತರದಲ್ಲಿ ಸೋತಳು. ಅವತ್ತಿನಿಂದ ಬಾಯಲ್ಲಿ ಒಂದೇ ಮಾತು: "ಆಕಿ ಕೂಡ ಇನ್ನೊಮ್ಮಿ ಆಡಬೇಕು ಕಾಕಾ."

ಈಗ ನನ್ನ ವಿಷಯಕ್ಕೆ ಬರುತ್ತೇನೆ, ನಗಬೇಡಿ. ಇಪ್ಪತ್ತೈದು ವರ್ಷದಿಂದ ಇಲ್ಲಿನ ಮಾರುಕಟ್ಟೆಯಲ್ಲಿ ತೊಗರಿ ತೂಗುವುದೇ ನನ್ನ ಕೆಲಸ. ಚೀಲ ಕಂಡೊಡನೆ ಕಿಲೊ ಹೇಳಬಲ್ಲೆನೆಂಬ ಜಂಬ ಬೇರೆ. ಹಸಿ ಕಾಳು ಎರಡು ದಿನ ಬಿಸಿಲು ಕಂಡರೆ ತೂಕ ಇಳಿಯುತ್ತದೆ ಎಂದು ರೈತರಿಗೆ ಬುದ್ಧಿ ಹೇಳುವವನೂ ನಾನೇ.

ಹೋದ ವರ್ಷ ಚಾಂಪಿಯನ್‌ಶಿಪ್ ನಮ್ಮ ಊರಿನಲ್ಲೇ ನಡೆಯಿತು, ಶ್ರಾವಣದ ಒಂದು ಮಂಗಳವಾರ. ಅದಕ್ಕೆ ಮುಂಚಿನ ಶನಿವಾರ ತೊಗರಿ ತೂಗುವ ಕಾಟಾದ ಮೇಲೆ ನೀಲವ್ವನನ್ನು ನಿಲ್ಲಿಸಿ ನಾನೇ ತೂಗಿದೆ. ಎಂಬತ್ತೊಂದು ಕಿಲೊ ಆರುನೂರು ಗ್ರಾಂ. ಅಲ್ಲಿಗೇ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ! ಭಾನುವಾರ ಸಂಜೆಯ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು. ಹುಡುಗಿ ಮತ್ತೆ ಸೋತರೆ? ಮೂಗು ಮುರಿದರೆ? ಅಣ್ಣನಿಗೆ ಏನು ಹೇಳಲಿ?

"ನಾಳಿ ಸೋಮವಾರ ನಾ ನೀರೂ ಮುಟ್ಟಂಗಿಲ್ಲ," ಎಂದೆ. "ನೀನೂ ಉಪಾಸ ಹಿಡಿಯವ್ವಾ. ಶಿವ ಕೈ ಬಿಡಂಗಿಲ್ಲ."

"ಆಡೋ ಹುಡುಗಿಗಿ ಯಾಕ ಉಪಾಸ ಕೆಡವ್ತೀರಿ?" ಎಂದಳು ನನ್ನ ಹೆಂಡತಿ.

"ನಿನಗೇನು ತಿಳೀತದ, ಸುಮ್ಕಿರು," ಎಂದೆ. ನೀಲವ್ವ ನನ್ನ ಮಾತು ತೆಗೆದುಹಾಕಿದವಳೇ ಅಲ್ಲ. ಸೋಮವಾರವಿಡೀ ಹನಿ ನೀರು ಕುಡಿಯಲಿಲ್ಲ. ಉಪವಾಸ ಬಿಡುವುದು ಮರುದಿನದ ಲಿಂಗಪೂಜೆ ಮುಗಿದ ಮೇಲೆ. ತೂಕಕ್ಕೆ ಕರೆದದ್ದು ಅದಕ್ಕೂ ಮೊದಲು.

ಕ್ರೀಡಾಂಗಣದ ಬಾಗಿಲಲ್ಲಿ ಮೊದಲೇ ತೂಕ ಪರೀಕ್ಷಿಸಿಕೊಳ್ಳಲೆಂದು ಒಂದು ಕಾಟಾ ಇಟ್ಟಿದ್ದರು, ಅದರ ಮುಂದೆ ಉದ್ದ ಸಾಲು. ನೀಲವ್ವ ಸಾಲಿನ ಕಡೆ ಹೊರಟಳು. ನಾನು ತಡೆದೆ.

"ತೂಕ ಮಾಡಾವನ ಮನಿ ಹುಡುಗಿಗಿ ಪರೀಕ್ಷಾ ಯಾಕ? ನಾನ ತೂಗೀನಿ, ನಡಿ ಒಳಗ."

ಒಳಗಿನ ಕಾಟಾದ ಮೇಲೆ ನಿಲ್ಲಲು ಅವಕಾಶ ಒಂದೇ ಸಲ. ಎಂಬತ್ತು ಕಿಲೊ ಏಳುನೂರು. ಮುನ್ನೂರು ಗ್ರಾಂ ಕಡಿಮೆ ನೋಡಿ, ಒಂದು ದೊಡ್ಡ ಲೋಟ ಮಜ್ಜಿಗೆ! "ಈಗ ಕುಡಿಸ್ತೀನ್ರಿ, ಇನ್ನೊಮ್ಮಿ ತೂಗ್ರಿ, ನಿಮ್ಮ ಕಾಲಿಗಿ ಬೀಳ್ತೀನಿ," ಎಂದು ಬಾಗಿಲಲ್ಲಿ ಅಂಗಲಾಚಿದೆ. ನಿಯಮ ನಿಯಮವೇ, ಹುಡುಗಿ ಆಡುವಂತಿಲ್ಲ ಎಂದರು ಅಧಿಕಾರಿಗಳು.

ಕೋಚ್ ಸರ್ ಓಡಿ ಬಂದರು. ಮಾಜಿ ಸೈನಿಕ, ವರ್ಷವಿಡೀ ಅವಳ ಹಿಂದೆ ದುಡಿದವರು. "ಹೊಟ್ಟಿ ತುಂಬ ಉಣ್ಣು ಅಂತ ಹೇಳಿದ್ನಲ್ಲ! ಏನಾತು?"

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಅಂದಳು, "ಹೊಟ್ಟಿ ಕೆಟ್ಟಿತ್ತು ಸರ್."

ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿಕೊಂಡೆ. ಐವತ್ತೆರಡು ವರ್ಷದ ಗಂಡಸು, ಹುಡುಗಿಯ ಸುಳ್ಳಿನ ಹಿಂದೆ ಅಡಗಿದೆ. ಮಧ್ಯಾಹ್ನ ಬೀದರದವಳು ಒಬ್ಬಳೇ ರಿಂಗ್ ಹತ್ತಿ ನಿಂತಳು. ರೆಫರಿ ಅವಳ ಕೈ ಎತ್ತಿದರು. ಅವಳ ಮುಖದಲ್ಲೂ ಗೆದ್ದ ಕಳೆಯಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ನೀಲವ್ವ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಕೇಳಿ ನನಗೆ ಸಾಯುವಷ್ಟು ನಾಚಿಕೆಯಾಯಿತು. ಅವಳು ಈವರೆಗೆ ಒಂದು ಮಾತು ಎತ್ತಿಲ್ಲ, ಎತ್ತಿ ಬೈದಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲವೇನೋ.

ಈ ಸಲವೂ ಪಂದ್ಯ ಶ್ರಾವಣದ ಮಂಗಳವಾರವೇ ಬಂದಿದೆ. ರೊಟ್ಟಿ ಬಡಿ ಎಂದು ಹೆಂಡತಿಗೆ ಹೇಳಿದವನು ನಾನೇ, ನನ್ನ ಉಪವಾಸ ಮಾತ್ರ ನನಗಿರಲಿ ಎಂದುಕೊಂಡಿದ್ದೆ. ನೀಲವ್ವನ ಮುಂದೆ ತಾಟು ಬಂತು: ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಕೋಚ್ ಸರ್‌ಗೆ ಫೋನು ಹಚ್ಚಿದೆ.

"ಸರ್, ಹೋದ ವರ್ಷ ಆಕಿ ಹೊಟ್ಟಿ ಕೆಟ್ಟಿರಲಿಲ್ರಿ. ಆಕಿಗಿ ಉಪಾಸ ಹಿಡಿಸಿದಾವ ನಾನ."

ಬೈಯಲಿ ಎಂದು ಕಾದೆ. ಅವರು ಕೇಳಿದ್ದು ಇಷ್ಟೇ, "ಇವತ್ತರ ಉಣ್ಣಾಕತ್ತಾಳೇನ್ರಿ?"

ನೋಡಿದೆ. ನೀಲವ್ವ ತಾಟು ಮುಟ್ಟಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿದ್ದವು.

"ನೀ ಉಪಾಸ ಕುಂತ್ರ ನಾ ಹ್ಯಾಂಗ ಉಣ್ಲಿ ಕಾಕಾ?"

ಫೋನು ಕಿವಿಗಿಟ್ಟುಕೊಂಡೇ ಅವಳ ಎದುರು ಕೂತೆ. ಅವಳ ತಾಟಿನಿಂದಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ನೀಲವ್ವ ಕಣ್ಣು ಒರೆಸಿಕೊಂಡು ರೊಟ್ಟಿಗೆ ಕೈ ಹಾಕಿದಳು.

"ಉಣ್ಣಾಕತ್ತಾಳ್ರಿ ಸರ್," ಎಂದೆ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.