ಮೋನಪ್ಪ ಒಪ್ಪಿಕೊಂಡ ತಪ್ಪು

ಚೆಂಬೂರಿನ ಆ ಚಾಳಿನಲ್ಲಿ ಮೋನಪ್ಪನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ, ಪರ್ಮನೆಂಟು" ಎಂಬ ಉತ್ತರ ಸಿಗುತ್ತಿತ್ತು. ಪರ್ಮನೆಂಟು ಎಂಬ ಮಾತಿಗೆ ಆಗ ಎಷ್ಟು ತೂಕವಿತ್ತೆಂದರೆ ಆಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವನಿದ್ದದ್ದು ಶವಾಗಾರದಲ್ಲಿ. ಹೆಣವನ್ನು ಗಾಡಿಯಿಂದ ಇಳಿಸುವುದು, ಡಾಕ್ಟರ ಕೆಲಸ ಮುಗಿದ ಮೇಲೆ ತೊಳೆದು ಬಟ್ಟೆ ಸುತ್ತುವುದು, ಅಳುತ್ತ ಬಂದವರಿಗೆ ಮುಖ ತೆರೆದು ತೋರಿಸುವುದು. ಮೂಲ್ಕಿ ಕಡೆಯಿಂದ ಹುಡುಗನಾಗಿದ್ದಾಗ ಹೋಟೆಲ್ ಕೆಲಸಕ್ಕೆಂದು ಬಂದವನು, ಮದುವೆಯಾದ ವರ್ಷ ಈ ಕೆಲಸ ಸಿಕ್ಕಿದ್ದೇ ಪುಣ್ಯ ಎಂದು ಸೇರಿಕೊಂಡಿದ್ದ. ಕೆಲಸ ಮುಗಿಸಿ ಅಲ್ಲೇ ಒಂದು ಸ್ನಾನ, ಮನೆಗೆ ಬಂದು ಚಾಳಿನ ನಲ್ಲಿಯ ಹತ್ತಿರ ಇನ್ನೊಂದು. ಕುಡಿಯದೆ ಈ ಕೆಲಸ ಹೇಗಯ್ಯಾ ಮಾಡುತ್ತೀ ಎಂದು ಜೊತೆಯವರು ಕೇಳುತ್ತಿದ್ದರಂತೆ. ಅವನು ಹೊರಗೆ ಬಂದು ಒಂದು ವೀಳ್ಯ ಹಾಕಿಕೊಳ್ಳುತ್ತಿದ್ದ, ಅಷ್ಟೆ. ಹೆಂಡವನ್ನು ಮುಟ್ಟಿದವನಲ್ಲ. ಹೆಂಡತಿ ಸುಂದರಿಯ ಮೇಲೆ ಕೈ ಎತ್ತಿದವನೂ ಅಲ್ಲ.

ಮಗಳು ವಾರಿಜಾ ಒಬ್ಬಳೇ. ಅಪ್ಪನ ಕೆಲಸ ಏನೆಂಬುದು ಅವಳಿಗೆ ತಿಳಿದದ್ದು ಶಾಲೆಯಲ್ಲಿ, ಜೊತೆಗೆ ಓದುವ ಹುಡುಗಿಯ ಬಾಯಿಂದ. ಆ ಹುಡುಗಿಯ ಅಜ್ಜನನ್ನು ಬಟ್ಟೆ ಸುತ್ತಿ ಕೊಟ್ಟವನು ಮೋನಪ್ಪ. ಅಂದಿನಿಂದ ವಾರಿಜಾ ಅಪ್ಪನನ್ನು ಅಡಗಿಸಿಡಲು ಕಲಿತಳು. ಗೆಳತಿಯರನ್ನು ಮನೆಗೆ ಕರೆಯಲಿಲ್ಲ. ಒಮ್ಮೆ ಮಳೆ ಸುರಿಯುತ್ತಿದ್ದಾಗ ಅವನು ಕೊಡೆ ಹಿಡಿದು ಸ್ಟೇಷನ್ನಿಗೆ ಬಂದು ನಿಂತಿದ್ದ. ಯಾರೇ ಅದು ಎಂದು ಜೊತೆಗಿದ್ದವಳು ಕೇಳಿದಾಗ, ವಾರಿಜಾ "ನಮ್ಮ ಬಿಲ್ಡಿಂಗಿನ ವಾಚ್‌ಮನ್" ಎಂದುಬಿಟ್ಟಳು. ಮೋನಪ್ಪನಿಗೆ ಕೇಳಿಸಿತೋ ಇಲ್ಲವೋ, ಕೊಡೆಯನ್ನು ಅವಳ ಕೈಗೆ ಕೊಟ್ಟು ತಾನು ನೆನೆಯುತ್ತ ಹಿಂದೆ ಹಿಂದೆ ನಡೆದುಕೊಂಡು ಬಂದ.

ಮೆಟ್ರಿಕ್ ಮುಗಿಸಿ, ಟೈಪಿಂಗು ಶಾರ್ಟ್‌ಹ್ಯಾಂಡು ಕಲಿತು, ಎಂಬತ್ತಾರರಲ್ಲಿ ಅವಳು ಬಾಂದ್ರಾದ ಒಂದು ಆಫೀಸಿಗೆ ಸೇರಿದಳು. ಯಜಮಾನರು ರಾಮಸ್ವಾಮಿ, ಬೆಂಗಳೂರಿನವರು. ಅವರ ಹೆಂಡತಿ ಪಂಕಜಾ ಮೈಸೂರಿನಲ್ಲಿ ಓದಿದವರು, ಯುರೋಪಿನ ಯಾವುದೋ ಆಶ್ರಮದಲ್ಲಿ ಒಂದು ಬೇಸಿಗೆ ಇದ್ದು ಬಂದು 'ಅನಾವರಣ' ಎಂಬ ಬಳಗ ಕಟ್ಟಿದ್ದರು. ಊರಾಚೆ ಕಡಲಂಚಿನ ಮಡ್ ಐಲೆಂಡಿನ ಒಂದು ಬಂಗಲೆಯಲ್ಲಿ ಶಿಬಿರ ನಡೆಯುತ್ತಿತ್ತು. ಮೊದಲು ಮೌನ, ಧ್ಯಾನ. ಕೊನೆಯ ದಿನ ಎಲ್ಲರೂ ಸುತ್ತ ಕುಳಿತು ಒಬ್ಬೊಬ್ಬರಾಗಿ ಮನಸ್ಸಿನ ತಳದಲ್ಲಿ ಇರುವುದನ್ನು ಬಿಚ್ಚಿ ಹೇಳಬೇಕು. ಬರುತ್ತಿದ್ದವರು ಹೆಚ್ಚಾಗಿ ದೊಡ್ಡ ಮನೆಗಳ ಹೆಂಗಸರು, ಜೊತೆಗೆ ಬೆರಳೆಣಿಕೆಯ ಗಂಡಸರು.

ಬಳಗದ ಪತ್ರಗಳನ್ನು ಟೈಪು ಮಾಡುತ್ತಿದ್ದವಳು ವಾರಿಜಾ. ಹಾಗಾಗಿ ಅವಳನ್ನೂ ಕರೆದುಕೊಂಡು ಹೋದರು. ಮೊದಲೆರಡು ಸಲ ಚಾಪೆ ಹಾಸಿದಳು, ಚಹಾ ಕೊಟ್ಟಳು. ಮೂರನೆಯ ಸಲ ಪಂಕಜಾ, "ನೀನೂ ಬಾ, ಕೂತ್ಕೋ. ಇಲ್ಲಿ ಮೇಲೆ ಕೆಳಗೆ ಅಂತ ಇಲ್ಲ. ನನ್ನನ್ನು ಹೆಸರು ಹಿಡಿದು ಕರೀಬೇಕು" ಎಂದರು. ಪಂಕಜಾ ಎಂಬ ಹೆಸರನ್ನು ವಾರಿಜಾ ಅಲ್ಲಿ ಹೇಗೋ ಅಂದಳು. ಸೋಮವಾರ ಆಫೀಸಿನಲ್ಲಿ ಮತ್ತೆ ಮೇಡಂ ಎಂದಳು. ಅದನ್ನು ಅವರೂ ತಿದ್ದಲಿಲ್ಲ.

ಆ ದಿನ ಹಡಗು ಕಂಪನಿಯೊಂದರ ಯಜಮಾನರು ತಾವು ಹೆಂಡತಿಗೆ ಹೊಡೆದದ್ದನ್ನು ಹೇಳಿಕೊಂಡರು. ಎಂಥ ಧೈರ್ಯ ಎಂದು ಎಲ್ಲರೂ ಕಣ್ಣು ತುಂಬಿಕೊಂಡರು. ಅವರ ಮಾತು ಆ ಹಜಾರ ದಾಟಲಿಲ್ಲ. ಆಮೇಲೆ ವಾರಿಜಾಳ ಸರದಿ. ತಡವರಿಸುವ ಇಂಗ್ಲಿಷಿನಲ್ಲಿ ಅಪ್ಪನ ಕೆಲಸದ ಬಗ್ಗೆ ಹೇಳಿದಳು, ವಾಚ್‌ಮನ್ ಅಂದದ್ದನ್ನು ಹೇಳಿದಳು. ಜೀವನದಲ್ಲಿ ಮೊದಲ ಸಲ ಹೇಳುತ್ತಿದ್ದಳು. ಅಳು ಬಂತು. ಆಗ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಅವಳ ಬೆನ್ನು ಸವರುತ್ತ ಮೆಲ್ಲಗೆ ಕೇಳಿದಳು: "ಕುಡೀತಿದ್ದರು, ಅಲ್ವಾ? ಆ ಕೆಲಸದವರೆಲ್ಲ ಕುಡೀತಾರೆ, ಪಾಪ."

ವಾರಿಜಾ ಹೌದೆಂದು ತಲೆಯಾಡಿಸಿದಳು.

ಯಾಕೆ ಆಡಿಸಿದಳೋ. ಇಲ್ಲ ಎಂದರೆ ಆ ಬೆನ್ನ ಮೇಲಿನ ಕೈ ನಿಂತುಹೋಗುತ್ತಿತ್ತು. ಹಾಗೆ ಅವಳನ್ನು ಯಾರೂ ಅಪ್ಪಿಕೊಂಡಿರಲಿಲ್ಲ. ಸೆಂಟಿನ ಪರಿಮಳದ, ಮೆತ್ತನೆ ಸೀರೆಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೆನ್ನೆಗೆ ಕೆನ್ನೆ ಒತ್ತಿದರು. ಮುಂದಿನ ಶಿಬಿರದಲ್ಲಿ ಹೊಸಬರಿಗೆ ಧೈರ್ಯ ಬರಲಿ ಎಂದು ಪಂಕಜಾ ಮತ್ತೆ ಅವಳಿಂದ ಹೇಳಿಸಿದರು. ಆಗ ತಲೆಯಾಡಿಸಿದ್ದು ಮಾತಾಯಿತು. ಅದರ ಮುಂದಿನದರಲ್ಲಿ, ಅವಳ ಮಾತಿನಲ್ಲಿ, ಅಪ್ಪನ ಏಟಿಗೆ ಅಮ್ಮನ ಕೈಬಳೆ ಒಡೆದವು. ಹೇಳಿ ಹೇಳಿ ಅವಳ ಇಂಗ್ಲಿಷೂ ಸುಧಾರಿಸಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ಗೊತ್ತಾಯಿತು. ಮನೆಗೆ ಬಂದಾಗ ಮೋನಪ್ಪ ನಲ್ಲಿಯ ಹತ್ತಿರ ಮೈಗೆ ಸೋಪು ಉಜ್ಜುತ್ತಿರುತ್ತಿದ್ದ. ಅವಳು ಅತ್ತ ನೋಡದೆ ಮೆಟ್ಟಿಲು ಹತ್ತುತ್ತಿದ್ದಳು.

ಎಂಬತ್ತೆಂಟರ ಚಳಿಗಾಲದಲ್ಲಿ ಪಂಕಜಾ ತಮ್ಮ ಫ್ಲ್ಯಾಟಿನಲ್ಲಿ ಒಂದು ಸಭೆ ಇಟ್ಟರು. ನೀವು ಯಾರನ್ನು ಕ್ಷಮಿಸಬೇಕೋ ಅವರನ್ನು ಕರೆತನ್ನಿ, ಎಂದಿದ್ದರು. ಅಪ್ಪ ಬರುವುದಿಲ್ಲ ಎಂದು ವಾರಿಜಾ ತಪ್ಪಿಸಿಕೊಳ್ಳಲು ನೋಡಿದಳು.

"ನೀನು ಕರೆದರೆ ಬರ್ತಾರೆ ಕಣೆ. ಇಷ್ಟು ದೂರ ಬಂದು ಈಗ ಹೆದರಬೇಡ."

ಅವಳು ಮನೆಯಲ್ಲಿ, ಆಫೀಸಿನ ಮೇಡಂ ಮನೆಯಲ್ಲಿ ಭಜನೆ ಉಂಟು, ಅಪ್ಪನನ್ನು ಕರೆದಿದ್ದಾರೆ ಎಂದಳು.

"ನನ್ನನ್ನಾ? ಹೆಸರು ಹೇಳಿ ಕರೆದದ್ದಾ?" ಮೋನಪ್ಪನಿಗೆ ನಂಬಿಕೆಯಾಗಲಿಲ್ಲ. ಕ್ಷೌರ ಮಾಡಿಸಿಕೊಂಡ. ಬಿಳಿ ಅಂಗಿಗೆ ತಾನೇ ಹೋಗಿ ಇಸ್ತ್ರಿ ಹಾಕಿಸಿಕೊಂಡು ಬಂದ. "ನಾನೂ ಬರಲಾ?" ಎಂದು ಸುಂದರಿ ಕೇಳಿದಳು. ಒಬ್ಬರನ್ನು ಮಾತ್ರ ಕರೆದದ್ದು, ಎಂದಳು ವಾರಿಜಾ.

ಕಿಟಕಿಗಳಾಚೆ ಸಮುದ್ರ ಕಾಣುವ ಹಜಾರ. ಮೋನಪ್ಪ ಚಪ್ಪಲಿಯನ್ನು ಲಿಫ್ಟಿನ ಹತ್ತಿರವೇ ಬಿಟ್ಟು ಒಳಗೆ ಬಂದು ಗಾದಿಯ ಅಂಚಿನಲ್ಲಿ ಮಂಡಿ ಮಡಿಸಿ ಕುಳಿತ. ವಾರಿಜಾ ಸುತ್ತ ನೋಡಿದಳು. ಯಾರ ಗಂಡನೂ ಬಂದಿರಲಿಲ್ಲ, ಯಾರ ಅತ್ತೆಯೂ ಬಂದಿರಲಿಲ್ಲ. ಒಬ್ಬರಿಗೆ ಕ್ಲಬ್ಬು, ಒಬ್ಬರಿಗೆ ವಿಮಾನ. ರಾಮಸ್ವಾಮಿಯವರೂ ಇರಲಿಲ್ಲ. ಕ್ಷಮೆ ಪಡೆಯಲು ಬಂದಿದ್ದವನು ಮೋನಪ್ಪ ಒಬ್ಬನೇ.

ಅವಳು ಎದ್ದು ನಿಂತು ಇಂಗ್ಲಿಷಿನಲ್ಲಿ ಶುರುಮಾಡಿದಳು. ಮಗಳು ಇಷ್ಟು ಜನರ ಮುಂದೆ ಇಂಗ್ಲಿಷು ಮಾತಾಡುವುದನ್ನು ಮೋನಪ್ಪ ಕಂಡಿರಲಿಲ್ಲ. ಅವನ ಮುಖ ಅರಳಿತು. ಪಕ್ಕದವರತ್ತ ತಿರುಗಿ, ನನ್ನ ಮಗಳು, ಎನ್ನುವ ಹಾಗೆ ನಕ್ಕ. ಆ ನಗು ನೋಡಿ ಅವಳು ಕುಡಿತದ ಭಾಗವನ್ನು ಹಾರಿಸಿ ಬೇಗ ಮುಗಿಸಿದಳು. ಪಂಕಜಾ ಬಿಡಲಿಲ್ಲ. "ವಾರಿಜಾ, ಕುಡಿತದ್ದು?" ಎಂದು ಇಂಗ್ಲಿಷಿನಲ್ಲೇ ನೆನಪಿಸಿದರು. ವಾರಿಜಾ ಅದನ್ನೂ ಹೇಳಿದಳು. ಬಳೆ ಒಡೆದದ್ದನ್ನೂ ಹೇಳಿದಳು.

ಆಮೇಲೆ ಅವಳು ಎಣಿಸಿರದ ಸಂಗತಿ ನಡೆಯಿತು. ಪಂಕಜಾ ಎದ್ದು ಬಂದು ಮೋನಪ್ಪನ ಎದುರಿಗೆ ನೆಲದ ಮೇಲೆ ಕುಳಿತರು. ಅವನ ಎರಡೂ ಕೈ ಹಿಡಿದುಕೊಂಡು ಕನ್ನಡದಲ್ಲಿ, ತುಂಬ ಮೃದುವಾಗಿ ಹೇಳಿದರು: "ನೋಡಿ, ನೀವು ಕುಡಿದು ಬಂದು ಇವಳ ತಾಯಿಗೆ ಹೊಡೀತಿದ್ದಿರಲ್ಲ, ಅದನ್ನೆಲ್ಲ ನಿಮ್ಮ ಮಗಳು ಇವತ್ತು ಕ್ಷಮಿಸಿದ್ದಾಳೆ. ನೀವೂ ಮನಸ್ಸು ಹಗುರ ಮಾಡ್ಕೊಳ್ಳಿ."

ಮೋನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಹಿಡಿದಿದ್ದ ಕೈಗಳನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ವಾರಿಜಾ ತಲೆ ತಗ್ಗಿಸಿದಳು. ಹಜಾರದಲ್ಲಿ ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು.

ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಮುಗಿದ.

"ಹೌದಮ್ಮ. ತಪ್ಪಾಯಿತು. ಆಗ ಬುದ್ಧಿ ಇರಲಿಲ್ಲ."

ಚಪ್ಪಾಳೆ ಬಿತ್ತು. ಯಾರೋ ಬಿಕ್ಕಿದರು. ಎಲ್ಲರಿಗಿಂತ ಹೆಚ್ಚು ಅತ್ತವರು ಪಂಕಜಾ. "ಗಂಡಸರೆಲ್ಲ ಹೀಗೆ ಒಂದು ಸಲ ಕೈಮುಗಿದು ಒಪ್ಪಿಕೊಂಡಿದ್ದರೆ..." ಎಂದು ಶುರುಮಾಡಿ, ಕಣ್ಣೊರೆಸಿಕೊಂಡು ಒಳಗೆ ಹೋದರು.

ಅಪ್ಪ ಮಗಳು ಬಸ್‌ಸ್ಟಾಪಿಗೆ ನಡೆದರು. ಅಲ್ಲಿ ನಿಂತ ಮೇಲೆ ವಾರಿಜಾಳೇ ಬಾಯಿ ಬಿಟ್ಟಳು.

"ಅಪ್ಪಾ, ನೀವು ಇಲ್ಲ ಅನ್ನಬಹುದಿತ್ತು."

"ಇಲ್ಲ ಅಂದ್ರೆ ಸುಳ್ಳು ಹೇಳಿದ್ದು ಯಾರು ಅಂತ ಆಗ್ತದೆ? ನಾಳೆ ನೀನು ಅದೇ ಆಫೀಸಲ್ಲಿ ಕೂರಬೇಕಲ್ವಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಬರುವ ದಾರಿ ನೋಡುತ್ತ ಮತ್ತೆ ಕೇಳಿದ: "ಎಂತಕ್ಕೆ ಮಗಾ? ಹೆಣ ಹೊರುವವನು ಅಂತ ಹೇಳಿದ್ದರೆ ಸಾಕಿತ್ತಲ್ಲ. ಅದು ಸತ್ಯವೇ. ಅದರ ಮೇಲೆ ಇದು ಎಂತಕ್ಕೆ?"

ಬಸ್ಸು ಬಂತು. ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು. ಧಾರಾವಿ ದಾಟುವವರೆಗೂ ಕಿಟಕಿಯತ್ತ ಮುಖ ಮಾಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೋನಪ್ಪ ಹಿಂದೆ ಕಂಬಿ ಹಿಡಿದು ನಿಂತಿದ್ದ. ಸುಂದರಿ ಬಾಗಿಲಲ್ಲೇ ಕಾದಿದ್ದಳು. ಭಜನೆ ಹೇಗಾಯಿತು ಎಂದು ಕೇಳಿದ್ದಕ್ಕೆ, "ಚೆಂದ ಆಯ್ತು. ದೊಡ್ಡ ಜನ. ಕೈ ಹಿಡಿದು ಮಾತಾಡಿಸಿದ್ರು" ಎಂದ.

ಸೋಮವಾರ ವಾರಿಜಾ ಧೈರ್ಯ ಮಾಡಿ ಪಂಕಜಾರ ಮನೆಗೆ ಹೋದಳು. "ಮೇಡಂ, ನಮ್ಮಪ್ಪ ಕುಡಿಯುವವರಲ್ಲ. ಅಮ್ಮನಿಗೆ ಹೊಡೆದದ್ದೂ ಇಲ್ಲ. ನಾನು ಸುಳ್ಳು ಹೇಳಿದ್ದು."

ಪಂಕಜಾ ಅವಳನ್ನು ಹತ್ತಿರ ಕೂರಿಸಿಕೊಂಡರು. "ಈಗ ಅವರನ್ನು ಕಾಪಾಡಬೇಕು ಅನ್ನಿಸ್ತಿದೆ ನಿಂಗೆ. ಹೆಣ್ಣುಮಕ್ಕಳು ಮಾಡೋದೇ ಇದು. ನಾನೂ ಮಾಡಿದೀನಿ."

"ಹಾಗಲ್ಲ ಮೇಡಂ, ನಿಜವಾಗಿ..."

"ಅವರೇ ಒಪ್ಪಿಕೊಂಡರಲ್ಲಮ್ಮ, ಎಲ್ಲರೆದುರಿಗೆ. ನೀನೇ ಕೇಳಿಸ್ಕೊಂಡೆ."

ನಾಲ್ಕು ಸಲ ಸುಳ್ಳು ಹೇಳಿದಾಗ ನಂಬಿದವರು ಒಂದು ಸಲ ಸತ್ಯ ಹೇಳಿದಾಗ ನಂಬಲಿಲ್ಲ. ಪಂಕಜಾ ಕೆಟ್ಟವರೇನೂ ಅಲ್ಲ. ಅವರ ತೋಳಿನ ಮೇಲೆ, ರವಿಕೆಯ ಅಂಚಿನ ಕೆಳಗೆ, ಒಂದು ಹಳೆಯ ಕಪ್ಪು ಕಲೆ ಇದ್ದದ್ದನ್ನು ವಾರಿಜಾ ಆ ದಿನ ಕಂಡಳು. ರಾಮಸ್ವಾಮಿಯವರು ಹೊಸ ಪತ್ರ ಟೈಪು ಮಾಡಿಸಲು ಕರೆದಾಗ ಅವರ ಕೈಯನ್ನು ನೋಡುವುದಕ್ಕೆ ಅವಳಿಗೆ ಆಗಲಿಲ್ಲ. ಕೆಲವು ತಿಂಗಳಲ್ಲಿ ಆ ಕೆಲಸ ಬಿಟ್ಟು ಚೆಂಬೂರಿನಲ್ಲೇ ಒಂದು ಸಹಕಾರಿ ಸಂಘದ ಕಚೇರಿಗೆ ಸೇರಿದಳು.

ಅಮ್ಮನಿಗೆ ಅವಳು ತಾನೇ ಹೇಳಿದಳು. ಸುಂದರಿ ಅಕ್ಕಿ ಆರಿಸುತ್ತಿದ್ದಳು. ಬಳೆ ಒಡೆದ ಮಾತು ಬಂದಾಗ ಮೊರ ಕೆಳಗಿಟ್ಟು ತನ್ನ ಕೈಯನ್ನೇ ಒಂದು ಗಳಿಗೆ ನೋಡಿಕೊಂಡಳು. "ನನ್ನ ಗಂಡನನ್ನು ಕಂಡವರ ಮನೆಯಲ್ಲಿ ಹಾಗೆ ಮಾಡಿ ಇಟ್ಟೆಯಾ?" ಎಂದಳು. ಆಮೇಲೆ ಬಹಳ ದಿನ ಮಗಳೊಡನೆ ಊಟಕ್ಕೆ ಬಾ ಎನ್ನುವುದರ ಹೊರತು ಬೇರೆ ಮಾತಿರಲಿಲ್ಲ.

ಇನ್ನು ಮೇಲೆ ಅಪ್ಪನ ವಿಷಯದಲ್ಲಿ ಒಂದು ಅಕ್ಷರವೂ ಸುಳ್ಳು ಹೇಳಬಾರದೆಂದು ವಾರಿಜಾ ನಿಶ್ಚಯಿಸಿಕೊಂಡಳು. ತೊಂಬತ್ತರಲ್ಲಿ ಸಯನ್ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ. ಅವನ ಸೋದರಮಾವ ಚಹಾ ಕುಡಿಯುತ್ತ, "ಆಸ್ಪತ್ರೆಯಲ್ಲಿ ಯಾವ ವಿಭಾಗ?" ಎಂದು ಕೇಳಿದರು. ಮೋನಪ್ಪ ಬಾಯಿ ತೆರೆಯುವ ಮೊದಲೇ ವಾರಿಜಾ ಒಳಗಿನಿಂದ ಬಂದು ನಿಂತು, "ಶವಾಗಾರದಲ್ಲಿ. ಹೆಣ ತೊಳೆಯುವ ಕೆಲಸ. ನಮಗೆ ಅದರಲ್ಲಿ ನಾಚಿಕೆ ಇಲ್ಲ" ಎಂದಳು. ಬಂದವರು ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು, ತಿಳಿಸುತ್ತೇವೆ ಎಂದು ಎದ್ದರು.

ಅವರು ಮೆಟ್ಟಿಲಿಳಿದ ಮೇಲೆ ಮೋನಪ್ಪ ದನಿ ಏರಿಸಿದ. ಹಾಗೆ ಅವನು ಕೂಗಿದ್ದನ್ನು ಅಕ್ಕಪಕ್ಕದ ಮನೆಯವರು ಕೇಳಿದ್ದು ಅದೊಂದೇ ಸಲ.

"ನಾನು ಹೇಳುತ್ತಿರಲಿಲ್ಲವಾ? ನನ್ನ ಕೆಲಸ, ನನ್ನ ಬಾಯಿ ಉಂಟಲ್ಲ! ಆಗ ಸುಳ್ಳು ಹೇಳುವಾಗಲೂ ನನ್ನನ್ನೇ ನಿಲ್ಲಿಸಿದ್ದು, ಈಗ ಸತ್ಯ ಹೇಳುವಾಗಲೂ ನನ್ನನ್ನೇ ನಿಲ್ಲಿಸಿದ್ದು. ನಿನ್ನ ಮನಸ್ಸು ಹಗುರ ಆಗಲಿಕ್ಕೆ ನಾನು ಎಷ್ಟು ಸಲ ಜನರ ಎದುರು ಕೂರಬೇಕು ಮಾರಾಯ್ತಿ?"

ವಾರಿಜಾ ಗೋಡೆಗೆ ಒರಗಿ ನಿಂತೇ ಇದ್ದಳು. ಕ್ಷಮಿಸಿ ಎನ್ನಬೇಕೆಂದರೆ, ಆ ಮಾತನ್ನು ಅವಳು ಎಲ್ಲೆಲ್ಲೋ ಎಷ್ಟೋ ಸಲ ಆಡಿ ಸವೆಸಿಬಿಟ್ಟಿದ್ದಳು. ಅದು ಬಾಯಿಗೆ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ತೊಂಬತ್ತೆರಡರಲ್ಲಿ ಅವಳ ಮದುವೆಯಾಯಿತು. ಹುಡುಗ ಭೀಮರಾಯ, ಕಲಬುರ್ಗಿ ಕಡೆಯವನು, ಸಹಕಾರಿ ಸಂಘದಲ್ಲಿ ಅವಳ ಜೊತೆಗೇ ಕೆಲಸಕ್ಕಿದ್ದವನು. ಜಾತಿ ಬೇರೆ, ಭಾಷೆಯ ಧಾಟಿ ಬೇರೆ. ಸುಂದರಿ ಅತ್ತಳು, ಮೋನಪ್ಪ ಹೂಂ ಅಂದ. ಆ ಹೊತ್ತಿಗೆ ಅವನು ನಿವೃತ್ತನಾಗಿದ್ದ.

ಭಾನುವಾರ ಅಳಿಯ ಬಂದರೆ ಮೋನಪ್ಪ ವೀಳ್ಯದ ತಟ್ಟೆ ಎಳೆದುಕೊಂಡು ಕೂರುತ್ತಾನೆ. "ಮಾಮಾ, ಮುಂದ ಏನಾತ್ರಿ?" ಎಂದು ಭೀಮರಾಯ ಕೇಳುತ್ತಾನೆ. ಮೋನಪ್ಪ ಹೇಳುತ್ತಾನೆ: ಹೆಸರಿಲ್ಲದೆ ಬಂದ ಹೆಣಗಳ ಕಥೆ, ಮಗನನ್ನು ಗುರುತಿಸಲೊಲ್ಲೆ ಎಂದು ಹೊರಗೇ ಕುಳಿತಿದ್ದ ತಂದೆಯ ಕಥೆ. ಕೆಲವಕ್ಕೆ ಇಬ್ಬರೂ ನಗುತ್ತಾರೆ. ವಾರಿಜಾ ಒಳಗಿನಿಂದ ಚಹಾ ತಂದರೆ ಮೋನಪ್ಪ ಮಾತು ನಿಲ್ಲಿಸಿ, ಈ ಸಲ ಊರಿನಲ್ಲಿ ಮಳೆ ಚೆನ್ನಾಗಿ ಬಂತಂತೆ, ಎನ್ನುತ್ತಾನೆ. ಅದಕ್ಕೇ ಅವಳು ಲೋಟಗಳನ್ನು ಅಮ್ಮನ ಕೈಗೆ ಕೊಟ್ಟು ತಾನು ಒಲೆಯ ಹತ್ತಿರವೇ ನಿಂತಿರುತ್ತಾಳೆ. ಅಲ್ಲಿಂದ ಎಲ್ಲ ಕೇಳಿಸುತ್ತದೆ.